ನಾಲ್ಕು ಸಾವಿರ ವರ್ಷದ ಬೂದಿ

ಭೀಮಾ ದಂಡೆಯ ದೇವಣಗಾಂವದಲ್ಲಿ ಬೆಳೆಯುವ ಮಕ್ಕಳಿಗೆ ದನ, ಸೆಗಣಿ, ಕುಳ್ಳು, ತಿಪ್ಪೆ ಯಾವುದೂ ಹೊಸದಲ್ಲ. ಹಾಗಾಗಿ ನಾನು ಹೇಳುವ ಈ ಒಗಟು ಪಟ್ಟಣದ ಮಕ್ಕಳಿಗಿಂತ ನಿಮಗೇ ಬೇಗ ಹಿಡಿಸೀತು. ಈಜಿಪ್ಟಿನ ಪಿರಮಿಡ್ಡು, ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂದರೆ ಎಲ್ಲರಿಗೂ ಕುತೂಹಲ. ಹೆಚ್ಚುಕಡಿಮೆ ಅದೇ ಕಾಲದ ಒಗಟೊಂದು ನಮ್ಮ ಕೃಷ್ಣಾ, ಭೀಮಾ ಹೊಳೆಗಳ ನಡುವಿನ ಸೀಮೆಯಲ್ಲೇ ಇದೆ. ಅದೇ ಬೂದಿದಿಬ್ಬ.

ತಾಳಿಕೋಟೆ ದಾಟಿ ಪೂರ್ವಕ್ಕೆ ನಡೆದರೆ ಹುಣಸಗಿ, ಸುರಪುರದ ಸೀಮೆ. ಅಲ್ಲಿನ ಬೂದಿಹಾಳದಲ್ಲಿ ಇಂಥ ದಿಬ್ಬವಿದೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ದೊಡ್ಡ ದಿಬ್ಬ ಸಿಗುತ್ತದೆ. ಕರ್ನಾಟಕ, ಆಂಧ್ರ, ತೆಲಂಗಾಣ ಸೇರಿ ನೂರಕ್ಕೂ ಹೆಚ್ಚು ದಿಬ್ಬಗಳು ಗೊತ್ತಾಗಿವೆ. ಕೆಲವು ಆಳೆತ್ತರವನ್ನೂ ಮೀರಿದವು. ಒಳಗೆ ಪದರದ ಮೇಲೆ ಪದರ ಬೂದಿ. ನಡುನಡುವೆ ತೂತುತೂತಾದ, ಗಾಜಿನ ಹಾಗೆ ಹೊಳೆಯುವ ಗಟ್ಟಿ ಹೆಂಟೆಗಳು.

ಇಷ್ಟೊಂದು ಬೂದಿ ಎಲ್ಲಿಂದ ಬಂತು? ಹಂಪಿಯ ಹತ್ತಿರದ ನಿಂಬಾಪುರದ ಜನ ತಮ್ಮೂರ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾ ಬಂದರು. ಆಮೇಲೆ ದಿಬ್ಬಗಳನ್ನು ನೋಡಿದವರಲ್ಲಿ ಕೆಲವರು ಜ್ವಾಲಾಮುಖಿ ಎಂದರೆ, ಇನ್ನು ಕೆಲವರು ಕಬ್ಬಿಣ ಕರಗಿಸಿದ ಕುಲುಮೆಯ ಕಿಟ್ಟ ಎಂದರು. ಆ ಹೊಳೆಯುವ ಹೆಂಟೆ ಕೈಗೆ ಸಿಕ್ಕರೆ ಯಾರಿಗಾದರೂ ಹಾಗೇ ಅನ್ನಿಸಬೇಕು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇದು ದನದ ಸೆಗಣಿ ಸುಟ್ಟ ಬೂದಿ ಎಂದು ಸರಿಯಾಗಿ ಊಹಿಸಿದರು. 1960ರ ಹೊತ್ತಿಗೆ ಲಂಡನ್ನಿನ ವಿಜ್ಞಾನಿ ಎಫ್. ಇ. ಝಾಯ್ನರ್ ಬೂದಿಯನ್ನು ಪರೀಕ್ಷಿಸಿ ಅದನ್ನು ಖಚಿತಪಡಿಸಿದರು.

ಸೆಗಣಿ ಗಾಜಾಗುವುದು ಹೇಗೆ? ಜೋಳದ ಹೊಲದಲ್ಲಿ ಓಡಾಡುವಾಗ ಎಲೆಯ ಅಂಚು ಕೈ ಕೊಯ್ದದ್ದು ನೆನಪಿದೆಯೇ? ಹುಲ್ಲಿನ ಜಾತಿಯ ಗಿಡಗಳು ನೀರಿನ ಜೊತೆ ನೆಲದಿಂದ ಸಿಲಿಕಾವನ್ನೂ ಹೀರುತ್ತವೆ. ಮರಳಿನಲ್ಲಿ, ಗಾಜಿನಲ್ಲಿ ಇರುವುದೂ ಇದೇ ಸಿಲಿಕಾ. ಅದು ಎಲೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಕೂರುತ್ತದೆ. ಎಲೆ ಅಷ್ಟು ಹರಿತವಾಗುವುದರಲ್ಲಿ ಅದರ ಪಾಲೂ ಇದೆ. ದನಕ್ಕೆ ಆ ಕಣ ಜೀರ್ಣವಾಗುವುದಿಲ್ಲ, ಸೆಗಣಿಯಲ್ಲಿ ಹೊರಬರುತ್ತದೆ. ಬರೀ ಸಿಲಿಕಾ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆದರೆ ಬೂದಿಯಲ್ಲಿರುವ ಪೊಟ್ಯಾಸಿಯಂನಂಥ ಕ್ಷಾರಗಳು ಜೊತೆ ಸೇರಿದರೆ ಅದಕ್ಕಿಂತ ಬಹಳ ಕಡಿಮೆ ಶಾಖಕ್ಕೇ ಕರಗುತ್ತದೆ. ಹಾಗೆ ನೋಡಿದರೆ ಅದೂ ಸಣ್ಣ ಬೆಂಕಿಯಲ್ಲ. ನಿಮ್ಮ ಮನೆಯ ಒಲೆಯಲ್ಲಿ ಕುಳ್ಳು ಉರಿದರೆ ಉಳಿಯುವುದು ಮೆತ್ತನೆಯ ಬೂದಿ, ಗಾಜಿನ ಹೆಂಟೆಯಲ್ಲ.

1957ರಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದಾಗ ಕಂಡದ್ದು ನನಗೆ ಬಹಳ ಇಷ್ಟ. ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತು! ಸುತ್ತ ಬೇಲಿಗೂಟ ನೆಟ್ಟಿದ್ದ ಕುಳಿಗಳು. ಎಂದೋ ಒಂದು ದಿನ ಹಸಿ ನೆಲದಲ್ಲಿ ನಡೆದ ದನದ ಹೆಜ್ಜೆ ಹಾಗೇ ಉಳಿದುಬಿಟ್ಟಿದೆ. ಅಂದರೆ ಅದು ದನದ ದೊಡ್ಡಿಯಾಗಿತ್ತು. ದನ ಕಟ್ಟುತ್ತಿದ್ದರು, ಸೆಗಣಿ ಬೀಳುತ್ತಿತ್ತು, ಆಗಾಗ ಅದಕ್ಕೆ ಬೆಂಕಿ ಹಚ್ಚುತ್ತಿದ್ದರು, ಮತ್ತೆ ಅಲ್ಲೇ ದನ ಕಟ್ಟುತ್ತಿದ್ದರು.

1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಬೂದಿಹಾಳದಲ್ಲಿ ಅಗೆದರು. ದೊಡ್ಡಿಯ ಪಕ್ಕದಲ್ಲೇ ಮನೆಗಳ ನೆಲೆ ಸಿಕ್ಕಿತು, ಕಲ್ಲಿನ ಆಯುಧ ಮಾಡುತ್ತಿದ್ದ ಜಾಗ ಸಿಕ್ಕಿತು, ತೀರಿಕೊಂಡ ಮಕ್ಕಳನ್ನು ಹೂತ ಗಡಿಗೆಗಳೂ ಸಿಕ್ಕವು. ಕಬ್ಬಿಣ ಇನ್ನೂ ಬಾರದ ಕಾಲದ ಜನ ಅವರು. ಆ ಕಾಲದ ಊರುಗಳಲ್ಲಿ ಸುಟ್ಟು ಕರಕಲಾದ ಹುರುಳಿ, ಹೆಸರು, ಕೊರಲೆ ಕಾಳುಗಳು ದೊರೆತಿವೆ. ನಮ್ಮ ಬಿಳಿಜೋಳ ಆಗಿನ್ನೂ ಇಲ್ಲಿಗೆ ಬಂದಿರಲಿಲ್ಲ. ಅದು ಆಫ್ರಿಕಾದಿಂದ ಆಮೇಲೆ ಬಂದದ್ದು.

ಬೂದಿ ಯಾವುದರದ್ದು ಎಂಬುದು ಬಗೆಹರಿಯಿತು. ಯಾಕೆ ಸುಟ್ಟರು ಎಂಬುದು ಮಾತ್ರ ಬಗೆಹರಿದಿಲ್ಲ. ಸೆಗಣಿ ಎಂದರೆ ಗೊಬ್ಬರ, ಸೆಗಣಿ ಎಂದರೆ ಉರುವಲು. ನಿಮ್ಮ ಅಜ್ಜಿ ಒಂದು ಬುಟ್ಟಿ ಸೆಗಣಿಯನ್ನೂ ಸುಮ್ಮನೆ ಸುಡಲು ಬಿಡುತ್ತಾರೆಯೇ? ವರ್ಷಕ್ಕೊಮ್ಮೆ ಹಬ್ಬ ಮಾಡಿ ಸುಟ್ಟರು, ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುವ ಪದ್ಧತಿಯ ಬೇರು ಅಲ್ಲಿರಬಹುದು ಎಂಬುದು ಆಲ್ಚಿನ್ ಊಹೆ. ದೊಡ್ಡಿ ಚೊಕ್ಕಟವಾಗಲಿ, ನೊಣ ಉಣ್ಣೆ ಸಾಯಲಿ ಎಂದು ಸುಟ್ಟಿರಬಹುದು ಎನ್ನುವವರೂ ಇದ್ದಾರೆ. ನನಗೆ ಎರಡೂ ಕೂಡಿಯೇ ಇತ್ತು ಅನ್ನಿಸುತ್ತದೆ. ಹಬ್ಬಕ್ಕೆ ಮನೆ ಸಾರಿಸಿ ಗುಡಿಸುವ ನಮಗೆ ಚೊಕ್ಕಟ ಮಾಡುವುದು ಬೇರೆ, ಪೂಜೆ ಬೇರೆ ಅಲ್ಲವಲ್ಲ. ಆದರೆ ಅನ್ನಿಸಿದ್ದು ಪುರಾವೆಯಾಗದು.

ಪುರಾವೆ ಇರುವುದು ದಿಬ್ಬದ ಪದರಗಳಲ್ಲಿ. ಎಷ್ಟೋ ದಿಬ್ಬಗಳ ಬೂದಿಯನ್ನು ಹೊಲಕ್ಕೆ ಗೊಬ್ಬರವೆಂದು ಈಗಾಗಲೇ ಅಗೆದು ಒಯ್ದಿದ್ದಾರೆ. ಒಮ್ಮೆ ಕಲಕಿದ ಪದರವನ್ನು ಯಾವ ವಿಜ್ಞಾನಿಯೂ ಮತ್ತೆ ಜೋಡಿಸಲಾರ. ನಿಮ್ಮ ಕಡೆ ಹೊಲದಲ್ಲಿ ಬಿಳಿ ಬೂದಿಯ ಗುಡ್ಡೆ, ಗಾಜಿನಂಥ ಹೆಂಟೆ, ಉಜ್ಜಿ ನುಣುಪಾದ ಕಲ್ಲಿನ ಕೊಡಲಿ ಕಂಡರೆ ಕೀಳಬೇಡಿ, ಅಗೆಯಬೇಡಿ. ಎಲ್ಲಿ ಕಂಡಿತೆಂದು ಬರೆದಿಟ್ಟು ನಿಮ್ಮ ಶಾಲೆಯ ಗುರುಗಳಿಗೆ ತಿಳಿಸಿ. ಅವರ ಕಡೆಯಿಂದ ಪುರಾತತ್ವ ಇಲಾಖೆಗೆ ಒಂದು ಕಾಗದ ಹೋಗಲಿ.