ಬಿಳಿ ಹೋಗುವುದು: ನಾಚಿಕೆ ಬೇಡ, ಪರೀಕ್ಷೆ ಬೇಕು

ನಾನು ಡಾಕ್ಟರಲ್ಲ, ಎಂಟೆಕ್ ಓದಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ಬಿಳಿ ಹೋಗುವುದು, ವಾಸನೆ ಶುರುವಾದಾಗ ಇಲ್ಲಿ ಪುಣೆಯಲ್ಲಿ ಯಾರಿಗೂ ಹೇಳಲಾಗದೆ, ಮೆಡಿಕಲ್ ಶಾಪಿನಿಂದ ಫ್ಲುಕೊನಜೋಲ್ ಮಾತ್ರೆ ತಂದು ನುಂಗಿದೆ. ಮೂರು ಸಲ ನುಂಗಿದರೂ ಕಡಿಮೆಯಾಗಲಿಲ್ಲ.

ಕೊನೆಗೆ ಸ್ತ್ರೀರೋಗ ತಜ್ಞೆ ಪರೀಕ್ಷಿಸಿ, "ಇದು ಫಂಗಸ್ ಅಲ್ಲ, ಬ್ಯಾಕ್ಟೀರಿಯಾ. ಔಷಧಿಯೇ ಬೇರೆ" ಎಂದರು. ಮೆಟ್ರೊನಿಡಜೋಲ್ 7 ದಿನ ತೆಗೆದುಕೊಂಡೆ, ವಾಸಿಯಾಯಿತು.

ಮುಟ್ಟು ಮುಟ್ಟಿನ ನಡುವೆ ತಿಳಿಯಾಗಿ, ಲೋಳೆಯಂತೆ ಹೋಗುವುದು ಸಹಜ. ಒಡೆದ ಮೊಸರಿನಂತೆ ಗಟ್ಟಿಯಾಗಿದ್ದು ತುರಿಕೆ, ಉರಿ ಇದ್ದರೆ ಸಾಮಾನ್ಯವಾಗಿ ಕ್ಯಾಂಡಿಡಾ ಎಂಬ ಫಂಗಸ್. ತೆಳ್ಳಗೆ, ಬೂದುಬಣ್ಣವಾಗಿ ಮೀನಿನ ವಾಸನೆ ಬಂದರೆ ಹೆಚ್ಚಾಗಿ ಬ್ಯಾಕ್ಟೀರಿಯಾ. ಹಸಿರು ಬಣ್ಣ, ರಕ್ತ, ಕಿಬ್ಬೊಟ್ಟೆ ನೋವು, ಜ್ವರ ಇದ್ದರೆ ತಡಮಾಡಬೇಡಿ. ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮಾತ್ರೆ ನುಂಗಲೇಬಾರದು. ಫಂಗಸ್ ಪದೇ ಪದೇ ಬಂದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಿಸಿ. ಒಳಭಾಗಕ್ಕೆ ಸೋಪು ಹಾಕಬೇಡಿ. ನಮ್ಮನ್ನು ಕಾಯುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ತೊಳೆದು ಹೋಗುತ್ತವೆ.

ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. "ನನಗೂ ವರ್ಷಗಟ್ಟಲೆ ಇತ್ತು ಕಣೇ, ಯಾರಿಗೆ ಹೇಳೋದು ಅಂತ ಸುಮ್ಮನಿದ್ದೆ" ಅಂದಳು. ಆ ಸುಮ್ಮನಿರುವುದು ನಮ್ಮ ಮಕ್ಕಳಿಗೆ ಬರುವುದು ಬೇಡ.