ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಆಸ್ಪತ್ರೆಗೆ ಬುತ್ತಿ ಬೇಡ



ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಹೊರಟವರನ್ನು ‘ಬಾಯಿ ಕಟ್ಟಲಾರದವರು’ ಎಂದು ಹಂಗಿಸುವವರಿದ್ದಾರೆ. ಅತಿಬೊಜ್ಜು ಒಂದು ಕಾಯಿಲೆ. ಅದಕ್ಕೆ ಚಿಕಿತ್ಸೆ ಪಡೆಯುವುದು ನಾಚಿಕೆಯ ಮಾತಲ್ಲ. ಆದರೆ ಆಸ್ಪತ್ರೆಯಲ್ಲಿ ಏನು ನಡೆಯುತ್ತದೆಂದು ರೋಗಿಯಷ್ಟೇ ಮನೆಯವರೂ ತಿಳಿದಿರಬೇಕು.

‘ಸ್ಲೀವ್’ ಎಂಬ ವಿಧಾನದಲ್ಲಿ ಹೊಟ್ಟೆಯ ಮೇಲೆ ಕೆಲವು ಸಣ್ಣ ರಂಧ್ರ ಮಾಡಿ, ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ತೆಗೆಯುತ್ತಾರೆ. ತೊಂದರೆಯಿಲ್ಲದಿದ್ದರೆ ಸಾಮಾನ್ಯವಾಗಿ 2-3 ದಿನಗಳಲ್ಲಿ ಮನೆಗೆ ಕಳಿಸುತ್ತಾರೆ.

ಎಚ್ಚರವಾದ ಮೇಲೆ ನೋವು, ವಾಕರಿಕೆ ಇರುತ್ತವೆ, ಔಷಧ ಕೊಡುತ್ತಾರೆ. ಶಸ್ತ್ರಚಿಕಿತ್ಸೆಗಾಗಿ ಹೊಟ್ಟೆಗೆ ತುಂಬಿದ ಅನಿಲದಿಂದ ಭುಜವೂ ನೋಯಬಹುದು. ಸಾಮಾನ್ಯವಾಗಿ ಅದೇ ದಿನ ಎಬ್ಬಿಸಿ ನಡೆಸುತ್ತಾರೆ. ‘ಪಾಪ, ಮಲಗಲಿ ಬಿಡಿ’ ಎನ್ನಬೇಡಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ನಡೆಸುವುದೂ ಬಿಗಿ ಕಾಲುಚೀಲ ಹಾಕುವುದೂ ಅದನ್ನು ತಡೆಯಲಿಕ್ಕೆ.

ಮೊದಲು ಸಿಗುವುದು ಗುಟುಕು ಗುಟುಕು ನೀರು, ಆಮೇಲೆ ತಿಳಿಯಾದ ದ್ರವಾಹಾರ. ಉಣಬಡಿಸುವುದೇ ಪ್ರೀತಿ ಎಂದು ಬೆಳೆದವರು ನಾವು. ‘ಒಂದು ತುತ್ತು ರೊಟ್ಟಿಯಾದರೂ’ ಎಂದು ಬುತ್ತಿ ಬಿಚ್ಚುತ್ತೇವೆ. ಜಠರದ ಹೊಲಿಗೆ ಇನ್ನೂ ಹಸಿಯಾಗಿರುತ್ತದೆ. ಅದು ಸೋರಿದರೆ ಮತ್ತೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ವೈದ್ಯರು ಹೇಳುವ ತನಕ ಬುತ್ತಿ ಬೇಡ. ಕೈಹಿಡಿದು ನಾಲ್ಕು ಹೆಜ್ಜೆ ನಡೆಸುವುದೇ ಆಗಿನ ದಾಸೋಹ.

ಮನೆಗೆ ಬಂದ ಮೇಲೆ ಜ್ವರ, ಇಳಿಯದ ಎದೆಬಡಿತ, ಉಸಿರಾಟದ ಕಷ್ಟ, ಹೆಚ್ಚುತ್ತಿರುವ ಹೊಟ್ಟೆನೋವು, ಕಾಲಿನ ಊತ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ. ವಿಟಮಿನ್ ಮಾತ್ರೆ, ತಪಾಸಣೆಗಳು ಜೀವನಪೂರ್ತಿ ಇರುತ್ತವೆ. ಅವರ ತಟ್ಟೆಯಲ್ಲಿ ಸ್ವಲ್ಪವೇ ಇದ್ದರೂ ಒತ್ತಾಯಿಸದೆ, ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರಿಸಿಕೊಳ್ಳಿ.