ಪೆಟ್ಟಿಗೆ ಸಾಕ್ಷಿ ಯಾರು?



ದೊಡ್ಡಬಳ್ಳಾಪುರದ ಒಬ್ಬ ನೇಕಾರನನ್ನು ಕಳವಿನ ಸಂಶಯದ ಮೇಲೆ ಠಾಣೆಗೆ ಕರೆದೊಯ್ದರೆಂದು ಊಹಿಸೋಣ. ಪೆಟ್ಟು ತಾಳಲಾರದೆ ಆತನು ಕದ್ದೆನೆಂದು ಒಪ್ಪಿಕೊಂಡರೆ ಆ ಮಾತು ನ್ಯಾಯಾಲಯದಲ್ಲಿ ನಿಲ್ಲದು. 1872ರ ಸಾಕ್ಷ್ಯ ಕಾಯಿದೆಯು ಪೋಲೀಸಿನವರ ಮುಂದಣ ತಪ್ಪೊಪ್ಪಿಗೆಯನ್ನು ತಳ್ಳಿಹಾಕಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಹಾಗೆಯೇ ವಿಧಿಸುತ್ತದೆ.

ಆದರೆ ಬಾಗಿಲು ಹಾಕಿದ ಮನೆಗೆ ಕಿಟಕಿಯೊಂದು ಉಳಿದಿದೆ. ಬಂಧಿತನ ಮಾತಿನಿಂದ ಕಳವಿನ ಒಡವೆ ದೊರೆತರೆ, ಆ ಶೋಧಕ್ಕೆ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ. ಆ ಮಾತನ್ನು ಬಲಾತ್ಕಾರದಿಂದ ಹೊರಡಿಸಿದ್ದರೆ ಸಂವಿಧಾನದ 20ನೆಯ ಅನುಚ್ಛೇದದ 3ನೆಯ ಖಂಡವು ಅದನ್ನು ತಡೆಯುವುದು ನಿಜ. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ, 2010ರ ಮೇ 5ರಂದು, ಸರ್ವೋಚ್ಚ ನ್ಯಾಯಾಲಯವು ಒಲ್ಲದವನಿಗೆ ಮಂಪರು ಔಷಧವನ್ನು ಕೊಟ್ಟು ಮಾತನಾಡಿಸುವುದನ್ನೂ ಮುಖ್ಯವಾಗಿ ಈ ಆಧಾರದ ಮೇಲೆ ನಿಷೇಧಿಸಿತು.

ಔಷಧವನ್ನು ಕೊಟ್ಟುದಕ್ಕೆ ಪ್ರಯೋಗಶಾಲೆಯ ದಾಖಲೆಯಿರುತ್ತದೆ, ಲಾಠಿಗೆ ದಾಖಲೆಯೆಲ್ಲಿ? ಬಲಾತ್ಕಾರ ನಡೆಯಿತೆಂದು ತೋರಿಸಬೇಕಾದವನು ಪೆಟ್ಟು ತಿಂದವನೇ. ನಾಲ್ಕು ಗೋಡೆಗಳ ನಡುವೆ ಅವನಿಗೆ ಸಾಕ್ಷಿ ಯಾರು? ಪ್ರತಿಯೊಂದು ಠಾಣೆಯಲ್ಲಿಯೂ ಧ್ವನಿಸಹಿತ ಕ್ಯಾಮರಾ ಇರತಕ್ಕದ್ದೆಂದು 2020ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯವು ಆಜ್ಞಾಪಿಸಿತು. ಆದುದರಿಂದ ಆ ಚಿತ್ರವನ್ನು ಒದಗಿಸಲಾರದ ಪೋಲೀಸಿನವರ ಶೋಧವನ್ನು ಸಾಕ್ಷ್ಯವೆಂದು ಸ್ವೀಕರಿಸಬಾರದೆಂಬುದು ನಮ್ಮ ಅಭಿಪ್ರಾಯ.

ಇದರಿಂದ ಕಳ್ಳನೊಬ್ಬನು ತಪ್ಪಿಸಿಕೊಳ್ಳಬಹುದೆಂಬ ಆಕ್ಷೇಪವನ್ನು ನಾವು ಲಘುವಾಗಿ ಕಾಣುವುದಿಲ್ಲ. ಒಡವೆ ಕಳೆದುಕೊಂಡ ಮನೆಯವರ ದುಃಖವೂ ದುಃಖವೇ. ಆದರೆ ಪೆಟ್ಟಿಗೆ ಬೆದರಿದವನು ಕಂಡವರ ಹೆಸರನ್ನು ಹೇಳುವನು. ನಿಜವಾದ ಕಳ್ಳನು ಹೊರಗೇ ಉಳಿಯುವನು. ಪೆಟ್ಟಿನಿಂದ ಫಲವಿಲ್ಲವೆಂದು ತಿಳಿದ ದಿನ ಲಾಠಿಯು ತಾನಾಗಿ ಮೂಲೆ ಸೇರುವುದು.